ಉಳಿದವಳು ಬರೆಸಿಟ್ಟಿದ್ದು

(1/8)
ಮೊದಲನೇ ಫೋಟೋ ಸ್ವಲ್ಪ ಹೊತ್ತು ನೋಡಿ, ಆಮೇಲೆ ಓದಿ.

ನಮ್ಮೂರಿನ ಹೊಲದ ದಾರೀಲಿ ನಿಂತಿರೋ ಕಲ್ಲು ಇದು. ಒಂದು ಕಂಬ, ಅದರ ಪಕ್ಕದಿಂದ ಹೊರಟ ಒಂದು ತೋಳು. ಮೊಣಕೈ ಹತ್ರ ಮಡಚಿ, ಅಂಗೈ ಮೇಲೆತ್ತಿದೆ. ಮುಖ ಇಲ್ಲ, ಹೆಸರಿಲ್ಲ. ಜೂಮ್ ಮಾಡಿದ್ರೆ ಮಣಿಕಟ್ಟಿನ ತುಂಬ ಬಳೆ ಕಾಣ್ತವೆ. ಮಳೆ ಗಾಳಿಗೆ ಉಳಿದಿದ್ದೆಲ್ಲ ಸವೆದಿದೆ, ಬಳೆಗಳ ಗೆರೆ ಮಾತ್ರ ಇನ್ನೂ ಬೆರಳಿಗೆ ಸಿಗುತ್ತೆ.

ಇದಕ್ಕೆ ಮಾಸ್ತಿಕಲ್ಲು ಅಂತಾರೆ. ಮಹಾಸತಿ ಅನ್ನೋ ಪದ ಜನರ ಬಾಯಲ್ಲಿ ಸವೆದು ಮಾಸ್ತಿ ಆಯ್ತು. ಗಂಡ ಸತ್ತಾಗ ಅವನ ಜೊತೆ ಬೆಂಕಿಗೆ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಕಲ್ಲು. ಕರ್ನಾಟಕದ ಹಳ್ಳಿಗಳಲ್ಲಿ ಇಂಥವು ಬೇಕಾದಷ್ಟಿವೆ. ಕೆಲವು ಕಡೆ ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ, ಕೆಲವು ಕಡೆ ಎಮ್ಮೆ ಕಟ್ತಾರೆ.

ಹೋದ ವರ್ಷ ಅಜ್ಜ ತೀರಿಕೊಂಡರು. ಮೂರು ತಿಂಗಳಾದ ಮೇಲೆ ಅಜ್ಜಿ ಮೊದಲ ಸಲ ಹೊಲಕ್ಕೆ ಬಂದರು, ನಾನು ಜೊತೆಗಿದ್ದೆ. ಈ ಕಲ್ಲಿನ ಹತ್ರ ನಿಂತು, ಆ ತೋಳನ್ನ ಸೆರಗಿನಿಂದ ಒರೆಸಿ ಅಂದ್ರು: "ಈಕೀ ಬಳಿ ಯಾರೂ ತಗದಿಲ್ಲ ನೋಡವಾ."

ಅಷ್ಟೇ ಅಂದಿದ್ದು. ಆಮೇಲೆ ಹೊಲದ ಬದುವಿನ ಮೇಲೆ ನಡೆದು ಹೋದರು.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಸರಣಿ. ಗಂಡ ಸತ್ತ ಮೇಲೆ ಒಬ್ಬ ಹೆಂಗಸು ಯಾರಾಗಿ ಉಳೀತಾಳೆ? ನಮ್ಮ ನಾಡಿನ ಕಲ್ಲು, ಓಲೆಗರಿ, ಕಾನೂನು ಇದಕ್ಕೆ ಏನಂತಾವೆ? ಎಂಟು ಪೋಸ್ಟ್ ಇವೆ, ಪುರುಸೊತ್ತಾದಾಗ ಓದಿ.

(2/8)
ಕಲ್ಲಿನ ಭಾಷೆ ಓದೋದು ಹೇಗೆ?

ಎರಡನೇ ಫೋಟೋದಲ್ಲಿರೋದು ವೀರಗಲ್ಲು. ಇದನ್ನ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನ ಅಪ್ಸರೆಯರು ಎತ್ತಿಕೊಂಡು ಹೋಗ್ತಿದಾರೆ. ಮೇಲಿನ ಪಟ್ಟಿಯಲ್ಲಿ ಅವನು ಸ್ವರ್ಗದಲ್ಲೋ ಕೈಲಾಸದಲ್ಲೋ ದೇವರ ಮುಂದೆ ಕೂತಿದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರೋವರೆಗೆ ಈ ಹೆಸರು ಇರಲಿ ಅಂತ ಅರ್ಥ.

ಅಂದ್ರೆ ಗಂಡಸಿಗೆ ಕಲ್ಲಿನಲ್ಲಿ ಒಂದು ಕಥೆ ಇದೆ: ಹೋರಾಡಿದ, ಬಿದ್ದ, ಮೇಲೆ ಹೋದ. ದನ ಬಿಡಿಸೋಕೆ ಹೋಗಿ ಸತ್ತವನಿಗೂ ಇದೆ, ಊರು ಕಾಯೋಕೆ ನಿಂತವನಿಗೂ ಇದೆ.

ಮಾಸ್ತಿಕಲ್ಲಿನಲ್ಲಿ ಬಹಳ ಸಲ ಒಂದು ತೋಳಷ್ಟೇ. ಕೆಲವು ಕಡೆ ಆ ಕೈಯಲ್ಲಿ ನಿಂಬೆಹಣ್ಣು ಇರುತ್ತೆ. ಕೆಲವು ಕಡೆ ಗಂಡ ಹೆಂಡತಿ ಇಬ್ಬರೂ ಚಿಕ್ಕದಾಗಿ ಕೆಳಗೆ ನಿಂತಿರ್ತಾರೆ. ಆದ್ರೆ ಕಣ್ಣಿಗೆ ಹೊಡೆಯೋದು ಆ ತೋಳು, ಆ ಬಳೆ.

ಯಾಕೆ ಬಳೆ? ಬಳೆ ಅಂದ್ರೆ ಮುತ್ತೈದೆತನ. ಅವಳು ವಿಧವೆ ಆಗಲೇ ಇಲ್ಲ, ಮುತ್ತೈದೆಯಾಗಿಯೇ ಹೋದಳು ಅಂತ ಆ ಕಲ್ಲು ಹೇಳ್ತಿದೆ. ಗಂಡ ಸತ್ತ ಗಳಿಗೆಗೂ ಅವಳು ಸತ್ತ ಗಳಿಗೆಗೂ ನಡುವೆ ಇದ್ದ ಸ್ವಲ್ಪ ಹೊತ್ತನ್ನ ಆ ಕಲ್ಲು ಅಳಿಸಿಹಾಕಿದೆ.

ಅಜ್ಜಿಗೆ ಇದನ್ನ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಆ ಬಳೆ ನೋಡಿದ ತಕ್ಷಣ ಗೊತ್ತಾಯ್ತು ಅವರಿಗೆ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಸಹಗಮನವನ್ನ ಹೊಗಳ್ತಾ ಇಲ್ಲ. ಬೆಂಕಿ ಬೆಂಕಿಯೇ. ಆದ್ರೆ ಆ ಬೆಂಕಿಗೆ ಹೋದವಳಿಗೆ ಕಲ್ಲು ಸಿಕ್ತು, ಉಳಿದವಳಿಗೆ ಏನು ಸಿಕ್ತು ಅಂತ ಕೇಳ್ತಾ ಇದೀನಿ.

(3/8)
ಬೆಳತೂರಿನ ದೇಕಬ್ಬೆ.

ಹೆಚ್ಚಿನ ಮಾಸ್ತಿಕಲ್ಲುಗಳು ಮೂಕ. ಆದ್ರೆ ಒಂದು ಕಲ್ಲು ಮಾತಾಡುತ್ತೆ. ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನ, ಕ್ರಿ.ಶ. 1057ರದ್ದು. ಆಗ ಆ ಕಡೆ ಚೋಳರ ಆಳ್ವಿಕೆ.

ದೇಕಬ್ಬೆಯ ಗಂಡ ಏಚ. ಮಲ್ಲಯುದ್ಧದಲ್ಲಿ ಗಟ್ಟಿಗ. ಒಂದು ಕಾಳಗದಲ್ಲಿ ಎದುರಾಳಿ ಅವನ ಕೈಯಲ್ಲಿ ಸತ್ತುಹೋದ. ದೊರೆಗೆ ಸಿಟ್ಟು ಬಂತು, ಏಚನನ್ನ ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ದೇಕಬ್ಬೆಗೆ ಬಂತು. ಅವಳು ಬೆಂಕಿಗೆ ಹೋಗ್ತೀನಿ ಅಂದಳು.

ಮುಂದಿನದನ್ನ ಓದಿದಾಗ ನಾನು ಬೆಚ್ಚಿಬಿದ್ದೆ. ತಂದೆ ತಾಯಿ, ಬಂಧುಗಳು ಬೇಡ ಅಂತ ಬೇಡಿಕೊಂಡರು ಅನ್ನೋದನ್ನ ಆ ಶಾಸನವೇ ಬರೆದಿಟ್ಟಿದೆ. ನಮ್ಮ ತಲೆಯಲ್ಲಿ ಹೇಗಿದೆ ಹೇಳಿ? ಹಳೇ ಕಾಲದಲ್ಲಿ ಎಲ್ಲರೂ ಸೇರಿ ದಬ್ಬುತ್ತಿದ್ರು ಅಂತ. ಹಾಗೆ ದಬ್ಬಿದ್ದೂ ಉಂಟು, ಅದು ಸುಳ್ಳಲ್ಲ. ಆದ್ರೆ ಈ ಕಲ್ಲಿನಲ್ಲಿ ತಡೆಯೋ ಕೈಗಳಿವೆ. ಮಗಳನ್ನ ಕಳ್ಕೊಳ್ಳೋಕೆ ಒಪ್ಪದ ಒಂದು ಮನೆ ಇದೆ. ಅವಳು ಒಪ್ಪಲಿಲ್ಲ. ದಾನ ಕೊಟ್ಟು, ಕೈ ಮುಗಿದು, ಹೋದಳು.

ಆ ಶಾಸನವನ್ನ ಬರೀ ದಾಖಲೆ ಅಂತ ಯಾರೂ ಓದಲ್ಲ, ಕನ್ನಡದ ಒಳ್ಳೇ ಕಾವ್ಯಗಳ ಸಾಲಿನಲ್ಲಿ ಇಟ್ಟು ಓದ್ತಾರೆ. ನಂಗೆ ಮಾತ್ರ ಕಾವ್ಯಕ್ಕಿಂತ ಆ ತಂದೆ ತಾಯಿ ಕಾಡಿದ್ರು. ಬೆಂಕಿ ಆರಿದ ಮೇಲೆ ಅವರು ಮನೆಗೆ ವಾಪಸ್ ಹೋಗಿರ್ತಾರೆ ಅಲ್ವಾ? ಮರುದಿನ ಬೆಳಿಗ್ಗೆ ಎದ್ದಿರ್ತಾರೆ, ಒಲೆ ಹಚ್ಚಿರ್ತಾರೆ.

ಹಳೇ ಶಾಸನಗಳಲ್ಲಿ ಒಂದು ಪದ ಬರುತ್ತೆ: ಪರೋಕ್ಷವಿನಯ. ಕಣ್ಣೆದುರು ಇಲ್ಲದವರಿಗೆ ತೋರಿಸೋ ಗೌರವ. ಸತ್ತವರ ಹೆಸರಲ್ಲಿ ಕಲ್ಲು ನಿಲ್ಲಿಸಿದಾಗ, ಬಸದಿ ಕಟ್ಟಿಸಿದಾಗ, ದಾನ ಕೊಟ್ಟಾಗ ಹೀಗೆ ಬರೆಸ್ತಿದ್ರು. ಈ ಪದ ಜ್ಞಾಪಕದಲ್ಲಿಟ್ಟುಕೊಳ್ಳಿ. ಪರೋಕ್ಷವಿನಯ ಮಾಡೋಕೆ ಯಾರಾದ್ರೂ ಬದುಕಿರಬೇಕು.

(4/8)
ಈಗ ಲಕ್ಕುಂಡಿಗೆ ಬನ್ನಿ.

ಗದಗಿನಿಂದ ಸುಮಾರು 12 ಕಿ.ಮೀ. ಕಾಶಿವಿಶ್ವೇಶ್ವರ ಗುಡಿ ಎಲ್ಲರಿಗೂ ಗೊತ್ತು, ಪ್ರೀ ವೆಡ್ಡಿಂಗ್ ಫೋಟೋಗೆ ಎಲ್ಲರೂ ಅಲ್ಲಿಗೇ ಹೋಗೋದು. ನಾಲ್ಕನೇ ಫೋಟೋದಲ್ಲಿರೋದು ಅದಲ್ಲ. ಇದು ಬ್ರಹ್ಮಜಿನಾಲಯ. ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹ ಇದೆ, ಹೋದ್ರೆ ತಪ್ಪದೆ ನೋಡಿ. ಕ್ರಿ.ಶ. 1007ರ ಶಾಸನ ಹೇಳೋ ಪ್ರಕಾರ ಇದನ್ನ ಕಟ್ಟಿಸಿದ್ದು ಅತ್ತಿಮಬ್ಬೆ.

ಶಾಲೆಯ ಪುಸ್ತಕದಲ್ಲಿ ಅವಳ ಬಗ್ಗೆ ಒಂದು ಸಾಲು ಓದಿರ್ತೀವಿ: ದಾನಚಿಂತಾಮಣಿ ಅತ್ತಿಮಬ್ಬೆ. ರಾಜ್ಯ ಸರ್ಕಾರ ಮಹಿಳಾ ಸಾಧಕರಿಗೆ ಅವಳ ಹೆಸರಿನ ಪ್ರಶಸ್ತಿಯನ್ನೂ ಕೊಡುತ್ತೆ. ದಾನ ಮಾಡಿದಳು, ಸರಿ. ಆದ್ರೆ ಅದಕ್ಕೂ ಮುಂಚೆ ಏನಾಗಿತ್ತು?

ಅವಳ ತಂದೆ ಮಲ್ಲಪ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ. ಇಬ್ಬರನ್ನೂ ಒಬ್ಬನಿಗೇ ಕೊಟ್ಟಿದ್ದರು, ನಾಗದೇವ ಅಂತ. ಕಲ್ಯಾಣದ ಚಾಲುಕ್ಯರ ಕಡೆಯ ದಂಡನಾಯಕ. ರಾಷ್ಟ್ರಕೂಟರನ್ನ ಕೆಳಗಿಳಿಸಿ 973ರಲ್ಲಿ ಎರಡನೇ ತೈಲಪ ರಾಜ್ಯ ಹಿಡಿದಿದ್ದ. ಸುತ್ತಲೂ ಕಾಳಗ, ಬಿಡುವೇ ಇಲ್ಲ. ಅಂಥ ಒಂದು ಕಾಳಗದಲ್ಲಿ ನಾಗದೇವ ಸತ್ತ.

ಒಂದೇ ಮನೆ, ಒಂದೇ ಸಾವು, ಇಬ್ಬರು ಅಕ್ಕತಂಗಿಯರು.

ಗುಂಡಮಬ್ಬೆ ಬೆಂಕಿಗೆ ಹೋದಳು. ಅತ್ತಿಮಬ್ಬೆ ಉಳಿದಳು. ಅವಳಿಗೆ ಒಬ್ಬ ಮಗ ಇದ್ದ, ಅಣ್ಣಿಗದೇವ.

ಒಂದೇ ದಿನ ಗಂಡನೂ ಹೋದ, ಒಡಹುಟ್ಟಿದವಳೂ ಹೋದಳು ಅಂದ್ರೆ ಆ ಮನೆ ಹೇಗಿದ್ದಿರಬಹುದು ಅಂತ ಯೋಚನೆ ಮಾಡಿ. ಊರಿನವರ ಕಣ್ಣು ಯಾರ ಕಡೆ ಇದ್ದಿರಬಹುದು? ಹೋದವಳಿಗೆ ಕೈ ಮುಗಿಯೋರು ಉಳಿದವಳನ್ನ ಹೇಗೆ ನೋಡಿರಬಹುದು? ಇದನ್ನ ಯಾವ ಶಾಸನವೂ ಬರೆದಿಲ್ಲ. ನಾನು ಕೇಳಿ ಸುಮ್ಮನಾಗ್ತೀನಿ, ಉತ್ತರ ಕಟ್ಟೋಕೆ ಹೋಗಲ್ಲ.

(5/8)
ಲೆಕ್ಕ ಹಾಕೋಣ. ನಾನು ಬಿ.ಕಾಂ. ಅಲ್ವಾ, ತಪ್ಪಿಸಿಕೊಳ್ಳೋಕಾಗಲ್ಲ.

ರನ್ನ ಕವಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣ ಬರೆದು ಮುಗಿಸಿದ್ದು 993ರಲ್ಲಿ. ನಾಗದೇವನ ಸಾವು, ಗುಂಡಮಬ್ಬೆಯ ಸಾವು ಎರಡೂ ಅದರಲ್ಲಿ ಬರುತ್ತವೆ. ಅಂದ್ರೆ ಅತ್ತಿಮಬ್ಬೆ ವಿಧವೆಯಾಗಿದ್ದು 993ಕ್ಕಿಂತ ಮುಂಚೆ. ಲಕ್ಕುಂಡಿಯ ಶಾಸನ 1007ರದ್ದು. ಕಳೆದರೆ ಕಡಿಮೆ ಅಂದ್ರೂ 14 ವರ್ಷ. ಅವಳ ಹೆಸರು ನಮ್ಮವರೆಗೆ ಬಂದಿದ್ದು ಈ ವರ್ಷಗಳ ಕೆಲಸದಿಂದ.

ಏನು ಮಾಡಿದಳು?

ಒಂದು, ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಇದನ್ನ ಓದಿ ಮುಂದೆ ಹೋಗಬೇಡಿ, ನಿಲ್ಲಿ. ಪ್ರಿಂಟಿಂಗ್ ಇಲ್ಲ. ತಾಳೆಗರಿಯನ್ನ ಒಣಗಿಸಿ, ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಟದಿಂದ ಒಂದೊಂದು ಅಕ್ಷರ ಕೊರೆಯಬೇಕು, ಮಸಿ ತುಂಬಬೇಕು, ತೂತಿಗೆ ದಾರ ಪೋಣಿಸಿ ಕಟ್ಟಬೇಕು. ಒಂದು ಇಡೀ ಕಾವ್ಯ. ಅಂಥವು ಸಾವಿರ. ಎಷ್ಟು ಜನ ಲಿಪಿಕಾರರು, ಎಷ್ಟು ಮನೆಗಳಿಗೆ ಕೂಳು! ವೆಚ್ಚದ ಪಟ್ಟಿ ಸಿಕ್ಕಿದ್ರೆ ನಾನು ಪ್ರಾಜೆಕ್ಟೇ ಮಾಡ್ತಿದ್ದೆ.

ಆ ಪುಸ್ತಕವೇ ಯಾಕೆ? ಪೊನ್ನನಿಗೆ ಆಶ್ರಯ ಕೊಟ್ಟು ಶಾಂತಿಪುರಾಣ ಬರೆಸಿದ್ದು ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವರು ತೀರಿಕೊಂಡಾಗ, ಅವರ ನೆನಪಿಗೆ. ಅಂದ್ರೆ ಅದೇ ಒಂದು ಪರೋಕ್ಷವಿನಯ. ದುಃಖ ಬಂದಾಗ ಪುಸ್ತಕ ಬರೆಸೋದು ಆ ಮನೆಯ ರೂಢಿ. ಮಗಳು ಅದನ್ನೇ ಸಾವಿರ ಮಾಡಿದಳು.

ಎರಡು, 1500 ಜಿನಬಿಂಬಗಳನ್ನ ಚಿನ್ನ, ರತ್ನದಲ್ಲಿ ಮಾಡಿಸಿ ದಾನ ಕೊಟ್ಟಳು ಅಂತಾರೆ.

ಮೂರು, ರನ್ನ. ಅವನ ಬಗ್ಗೆ ಮುಂದಿನ ಪೋಸ್ಟಲ್ಲಿ, ಯಾಕಂದ್ರೆ ಅಲ್ಲಿ ಬಳೆ ಮತ್ತೆ ಬರುತ್ತೆ.

(6/8)
ರನ್ನ ಮುಧೋಳದವನು. ಬಳೆಗಾರರ ಮನೆಯ ಮಗ.

ಬಳೆಗಾರನ ಕೆಲಸ ಏನು? ಮನೆ ಮನೆಗೆ ಹೋಗಿ ಮುತ್ತೈದೆಯರ ಕೈಗೆ ಬಳೆ ತೊಡಿಸೋದು. ವಿಧವೆಯ ಮನೆ ಮುಂದೆ ಬಳೆಗಾರನಿಗೆ ಏನು ಕೆಲಸ? ಅಂಥ ಮನೆತನದಲ್ಲಿ ಹುಟ್ಟಿದ ಹುಡುಗ ಕವಿಯಾದ. ಒಬ್ಬ ವಿಧವೆ ಅವನನ್ನ ಕರೆದು ಪುರಾಣ ಬರೆಸಿದಳು. ಅವನು ಅವಳನ್ನ ದಾನಚಿಂತಾಮಣಿ ಅಂತ ಹೊಗಳಿದ. ಅಷ್ಟೇ ಅಲ್ಲ, ತನ್ನ ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ.

ಈ ಕೊನೇ ವಿಷಯ ನಂಗೆ ಭಾಳ ದೊಡ್ಡದು. ಇವತ್ತಿಗೂ ನಮ್ಮ ಮನೆಗಳಲ್ಲಿ ಸೀಮಂತ ಇದ್ರೆ, ಮದುವೆ ಇದ್ರೆ, ಗಂಡ ಇಲ್ಲದ ಅತ್ತೆ ಚಿಕ್ಕಮ್ಮ ತಾವಾಗೇ ಹಿಂದೆ ಸರಿದು ಅಡುಗೆಮನೆ ಬಾಗಿಲಲ್ಲಿ ನಿಂತ್ಕೋತಾರೆ. ಯಾರೂ ಹೇಳಬೇಕಾಗಿಲ್ಲ. ಸಾವಿರ ವರ್ಷದ ಹಿಂದೆ ಒಬ್ಬ ತಂದೆ ತನ್ನ ಹಸುಗೂಸಿಗೆ ವಿಧವೆಯೊಬ್ಬಳ ಹೆಸರಿಟ್ಟ. ಅವನ ಮನಸ್ಸಿಗೆ ಅದು ಅಪಶಕುನ ಅನಿಸಲಿಲ್ಲ. ಅವಳ ಹೆಸರು ಕೇಳಿದಾಗ ಅವನಿಗೆ ಸಾವು ನೆನಪಾಗಲಿಲ್ಲ, ಅವಳೇ ನೆನಪಾದಳು.

ಆದ್ರೆ ಒಂದು ಅನುಮಾನ ನಿಮಗೂ ಬರಬೇಕು. ಆಶ್ರಯ ಕೊಟ್ಟವಳನ್ನ ಕವಿ ಹೊಗಳದೆ ಇರ್ತಾನಾ? ಸರಿ, ಹೊಗಳಿಕೆಯನ್ನ ಸ್ವಲ್ಪ ಇಳಿಸಿಯೇ ಓದೋಣ. ದುಡ್ಡು, ಅಧಿಕಾರ, ಬೆಳೆಯುತ್ತಿದ್ದ ಮಗ ಇದ್ದದ್ದಕ್ಕೇ ಅವಳಿಗೆ ಇದೆಲ್ಲ ಆಯ್ತು ಅನ್ನೋದೂ ನಿಜ. ಅದೇ ಕಾಲದ ಒಬ್ಬ ಕೂಲಿಯವನ ಹೆಂಡತಿಗೆ ಯಾವ ರನ್ನನೂ ಸಿಗಲಿಲ್ಲ.

ಎಲ್ಲಾ ಕಳೆದ ಮೇಲೂ ಒಂದು ಉಳಿಯುತ್ತೆ. ಗುಂಡಮಬ್ಬೆ ಬೆಂಕಿಗೆ ಹೋದಳು ಅಂತ ನಮಗೆ ಹೇಗೆ ಗೊತ್ತು? ನಾಗದೇವ ಅನ್ನೋ ದಂಡನಾಯಕ ಹೇಗೆ ಸತ್ತ ಅಂತ ಹೇಗೆ ಗೊತ್ತು? ಅತ್ತಿಮಬ್ಬೆ ಬರೆಸಿದ ಪುಸ್ತಕದಿಂದ. ಹೋದ ಇಬ್ಬರ ನೆನಪೂ ಉಳಿದವಳ ಕೈಯಲ್ಲಿ ಉಳೀತು. ಅವಳೂ ಅದೇ ದಿನ ಹೋಗಿದ್ರೆ ಎಲ್ಲೋ ಹೊಲದ ದಾರೀಲಿ ಹೆಸರಿಲ್ಲದ ಎರಡು ತೋಳು ನಿಂತಿರ್ತಿದ್ವು, ನಾನು ಫೋಟೋ ತೆಗೆದು ಹಾಕ್ತಿದ್ದೆ.

(7/8)
ಮುಂದಿನ ಕೆಲವು ಶತಮಾನ ಬೇಗ ಬೇಗ ದಾಟೋಣ.

ಕೆಳದಿಯ ಚೆನ್ನಮ್ಮ: ಗಂಡ ಸೋಮಶೇಖರ ನಾಯಕ ಹೋದ ಮೇಲೆ ಸುಮಾರು 25 ವರ್ಷ ರಾಜ್ಯ ಆಳಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನ ಎದುರಿಸಿದಳು. ಕಿತ್ತೂರಿನ ಚೆನ್ನಮ್ಮ: ಮಲ್ಲಸರ್ಜ ದೊರೆ ತೀರಿಕೊಂಡ ಎಂಟು ವರ್ಷಕ್ಕೆ, 1824ರಲ್ಲಿ ಕಂಪನಿ ಸೈನ್ಯದ ಮುಂದೆ ನಿಂತಳು. ಹುಬ್ಬಳ್ಳಿ ಸರ್ಕಲ್ಲಿನಲ್ಲಿ ಕುದುರೆ ಮೇಲೆ ಕೂತಿರೋ ಅವಳನ್ನ ದಿನಾ ನೋಡ್ತೀವಿ. ಅವಳು ವಿಧವೆ ಅಂತ ಎಷ್ಟು ಜನ ಯೋಚನೆ ಮಾಡಿದೀವಿ?

1829ರಲ್ಲಿ ಬೆಂಟಿಂಕ್ ಬಂಗಾಳದಲ್ಲಿ ಸತಿ ಪದ್ಧತಿ ನಿಲ್ಲಿಸಿದ. ಸಾಯೋದು ತಪ್ಪಿತು, ಬದುಕೋದು ಹೇಗೆ ಅಂತ ಯಾರೂ ಹೇಳಲಿಲ್ಲ. 1856ರ ಕಾಯ್ದೆ ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟಿತು, ಜೊತೆಗೇ ಮರುಮದುವೆ ಆದ್ರೆ ಸತ್ತ ಗಂಡನ ಆಸ್ತಿಯಲ್ಲಿನ ಹಕ್ಕು ಹೋಗುತ್ತೆ ಅಂತಲೂ ಬರೆಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳಿಗೆ ಅಂತಲೇ ಕಾಯ್ದೆ ಮಾಡಿತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಂಗಸಿನ ಕೈಗೆ ಬಂದ ಆಸ್ತಿಗೆ ಅವಳೇ ಪೂರ್ಣ ಒಡತಿ.

ಈ ನಡುವೆ ನಂಜನಗೂಡಿನಲ್ಲಿ ಒಬ್ಬ ಹುಡುಗಿ. ಹುಟ್ಟಿದ್ದು 1887, ಹದಿನಾಲ್ಕನೇ ವಯಸ್ಸಿಗೆ ವಿಧವೆ. ಆ ವಯಸ್ಸಲ್ಲಿ ನಾನು ಒಂಬತ್ತನೇ ಕ್ಲಾಸಲ್ಲಿದ್ದೆ. ತಂದೆ ಅವಳ ಕೈಗೆ ಪುಸ್ತಕ ಕೊಟ್ಟರು. ಅವಳೇ ನಂಜನಗೂಡು ತಿರುಮಲಾಂಬ. 1913ರಲ್ಲಿ ತನ್ನದೇ ಗ್ರಂಥಮಾಲೆ ಶುರು ಮಾಡಿದರು, ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು. ಗ್ರಂಥಮಾಲೆಯ ಹೆಸರು ಸತೀ ಹಿತೈಷಿಣೀ. ಅಲ್ಲೂ ಸತಿ! ಆದ್ರೆ ಇಲ್ಲಿ ಬೆಂಕಿ ಇಲ್ಲ, ಓದೋ ಹೆಂಗಸರಿದಾರೆ. ಅವರ ಬರಹ ಸಂಪ್ರದಾಯದ ಕಡೆಗೇ ವಾಲುತ್ತೆ ಅನ್ನೋ ಟೀಕೆ ಇದೆ, ಅದರಲ್ಲಿ ನಿಜವೂ ಇದೆ. ಆದ್ರೂ ಪುಸ್ತಕದ ಮೇಲಿದ್ದಿದ್ದು ಅವರ ಹೆಸರು. 1982ರವರೆಗೆ ಬದುಕಿದ್ದರು.

ಓಲೆಗರಿಯಿಂದ ಅಚ್ಚುಮೊಳೆಗೆ ಬಂದ್ವಿ. ಉಳಿದವಳು ಮತ್ತೆ ಬರೆಸಿದಳು, ಈ ಸಲ ತಾನೇ ಬರೆದಳು.

(8/8)
ಕೊನೇ ಪೋಸ್ಟ್. ಇದರಲ್ಲಿ ಫೋಟೋ ಇಲ್ಲ, ಅಜ್ಜಿ ಬೇಡ ಅಂದ್ರು.

ಅಜ್ಜ ತೀರಿಕೊಂಡಾಗ ಹಿರಿಯ ಹೆಂಗಸರು ಬಂದರು. ಬಳೆ ಒಡೆಯೋದು ಪದ್ಧತಿ. ಅಜ್ಜಿ ಕೈ ಹಿಂದಕ್ಕೆ ಎಳ್ಕೊಂಡು ಹೇಳಿದ್ರು: "ಒಡೀಬ್ಯಾಡ್ರಿ. ನಾನಾ ತಗೀತೀನಿ." ಹಸಿರು ಬಳೆ, ಒಂದೊಂದಾಗಿ, ಸೋಪು ಹಚ್ಚಿ ತೆಗೆದರು. ಅಜ್ಜನ ಟವೆಲ್ಲಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಇದನ್ನ ಪದ್ಧತಿ ಮುರಿದಿದ್ದು ಅನ್ನಬೇಕೋ ಪಾಲಿಸಿದ್ದು ಅನ್ನಬೇಕೋ ಗೊತ್ತಿಲ್ಲ. ನಾನು ಅಲ್ಲೇ ಇದ್ದೆ, ಏನೂ ಮಾತಾಡಲಿಲ್ಲ. ಅತ್ತಿಮಬ್ಬೆಯ ಬಗ್ಗೆ ಎರಡು ಸಾವಿರ ಪದ ಬರೆಯೋಳು ಆ ದಿನ ಒಂದು ಮಾತೂ ಆಡಲಿಲ್ಲ. ಈ ಸರಣಿ ಬರೀತಾ ಅದೇ ಚುಚ್ಚುತ್ತಿತ್ತು.

ಆಮೇಲೆ ಕಾಗದದ ಕೆಲಸ. ಮನೇಲಿ ಫಾರ್ಮ್ ತುಂಬೋದು ನಾನೇ. ನಮ್ಮ ಕಡೆ ಹೆಂಗಸಿನ ಹೆಸರಿನ ಮುಂದೆ 'ಗಂಡ' ಅಂತ ಬರೆದು ಅವನ ಹೆಸರು ಹಾಕ್ತಾರೆ, ಮೈಸೂರು ಕಡೆ 'ಕೋಂ' ಅಂತ. ಅಜ್ಜನ ಹೆಸರಿನ ಹಿಂದೆ 'ದಿವಂಗತ' ಅಂತ ಸೇರಿಸಿದೆ. ಹೆಸರು ಬದಲಾಗಿದ್ದು ಅಜ್ಜನದು, ಆದ್ರೆ ಆ ಸಾಲು ಪೂರ್ತಿ ಓದಿದ್ರೆ ಬದಲಾಗಿದ್ದು ಅಜ್ಜಿ. ಬರೆದಿದ್ದನ್ನ ಓದಿ ಹೇಳು ಅಂದ್ರು. ಓದಿದೆ. "ಹಂಗಾದ್ರ ಇನ್ನೂ ಅವರ ಹೆಸರು ಐತಲ್ಲ, ಸಾಕ್ ಬಿಡು" ಅಂದ್ರು. ನಾನು ಕಟ್ಟಿಕೊಂಡಿದ್ದ ವಾದವೆಲ್ಲ ಅಲ್ಲೇ ಕುಸಿದುಹೋಯ್ತು. ನನಗೆ ಸಂಕೋಲೆ ಅನಿಸಿದ್ದು ಅವರಿಗೆ ಆಸರೆ. ಐವತ್ತು ವರ್ಷ ಜೊತೆಗಿದ್ದ ಮನುಷ್ಯನ ಹೆಸರು ತನ್ನ ಹೆಸರಿನ ಪಕ್ಕ ಇರಲಿ ಅನ್ನೋದು ಅವರ ಆಸೆ. ಬಳೆ ತೆಗೆಯೋದು ಮಾತ್ರ ಅವರ ಆಸೆ ಆಗಿರಲಿಲ್ಲ. ಎರಡೂ ಒಬ್ಬರಲ್ಲೇ ಇರಬಹುದು ಅಂತ ನಂಗೆ ಅವತ್ತು ಗೊತ್ತಾಯ್ತು.

ಈಗ ದಿನಾ ಸಂಜೆ ಅಜ್ಜನ ಒಂದೊಂದು ಕಥೆ ಹೇಳ್ತಾರೆ. ಬರಗಾಲದ ವರ್ಷ ಎತ್ತು ಮಾರಿ ಬಂದು ಊಟ ಬಿಟ್ಟಿದ್ದು, ಸಿನಿಮಾಗೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಸಂತೆಗೆ ಕರ್ಕೊಂಡು ಹೋಗಿದ್ದು. ಅಜ್ಜ ಬದುಕಿದ್ದಾಗ ಒಂದೂ ಹೇಳಿರಲಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರ್ಕೊಳ್ತಿದೀನಿ, ಇಲ್ಲಿವರೆಗೆ 31 ಆಗಿವೆ. ಸಾವಿರ ಪ್ರತಿ ಮಾಡಿಸೋ ಶಕ್ತಿ ನಂಗಿಲ್ಲ, ಒಂದು ಪ್ರತಿ ಸಾಕು.

ನಿಮ್ಮ ಮನೇಲೂ ಉಳಿದವರೊಬ್ಬರು ಇರಬಹುದು. ಹೋದವರ ಬಗ್ಗೆ ಅವರನ್ನ ಕೇಳಿ. ಆಮೇಲೆ ಅವರ ಬಗ್ಗೆಯೂ ಕೇಳಿ, ಅದನ್ನ ಕೇಳೋರು ಕಡಿಮೆ.

ಹೋದ ವಾರ ಅಜ್ಜಿ ಟ್ರಂಕ್ ತೆಗೆದಿದ್ರು. ಟವೆಲ್ ಬಿಚ್ಚಿ, ಬಳೆ ಎಣಿಸಿ, ಮತ್ತೆ ಸುತ್ತಿಟ್ಟರು. ಎಷ್ಟಿವೆ ಅಜ್ಜಿ ಅಂತ ಕೇಳಿದೆ.

"ಎಲ್ಲಾ ಅದಾವ" ಅಂದ್ರು.

#ಲಕ್ಕುಂಡಿ #ಅತ್ತಿಮಬ್ಬೆ #ಮಾಸ್ತಿಕಲ್ಲು #ನಮ್ಮಚರಿತ್ರೆ